ಒಗೆತಕ್ಕೆ ಹಿಡಿಯುವ ಕಾಲ

ಬಟ್ಟೆ ಒಗೆಯುವ ಯಂತ್ರದ ಗುಂಡಿಯನ್ನೊತ್ತಿದೊಡನೆ ಅದರ ಮುಖದ ಮೇಲೆ 3 ಗಂಟೆ 38 ನಿಮಿಷವೆಂಬ ಅಂಕಿ ಮೂಡಿದಾಗ, ಇಷ್ಟು ಹೊತ್ತಿನಲ್ಲಿ ಕೈಯಲ್ಲೇ ಒಗೆದು ಹಿಂಡಿ ಹರವಿಬಿಡಬಹುದಿತ್ತಲ್ಲ ಎಂದು ಗೊಣಗುವವರು ಇಂದು ಯೂರೋಪಿನಲ್ಲಿ ಮನೆಮನೆಗೂ ಇದ್ದಾರೆ. ನಮ್ಮ ಬೆಂಗಳೂರು ಹುಬ್ಬಳ್ಳಿಗಳಲ್ಲಿಯೂ ಅವರಿಗೆ ಕೊರತೆಯಿಲ್ಲ. ಅಜ್ಜಿಯ ಕಾಲದ ಯಂತ್ರವು ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ, ಗಣಕದ ಬುದ್ಧಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಮೊಮ್ಮಗಳ ಯಂತ್ರವು ಅದರ ಮೂರು ಪಟ್ಟು ಕಾಲವನ್ನು ಬೇಡುವುದೆಂದರೆ, ಮೇಲುನೋಟಕ್ಕೆ ಇದು ಪ್ರಗತಿಯ ಕ್ರಮಕ್ಕೇ ವಿರುದ್ಧವೆಂದು ತೋರುವುದು ಸಹಜ. ಆದರೆ ಒಗೆತಕ್ಕೆ ಹಿಡಿಯುವ ಕಾಲವನ್ನು ಯಾವ ಯುಗದಲ್ಲಿಯೂ ಉಪಕರಣವೊಂದೇ ನಿರ್ಣಯಿಸಿದುದಿಲ್ಲ. ಸೌದೆಯ ಬೆಲೆ, ಸೋಪಿನ ಬೆಲೆ, ಹೆಂಗಸರ ತೋಳ್ಬಲಕ್ಕೆ ಲೋಕವು ಕಟ್ಟಿದ ಬೆಲೆ, ಇವೆಲ್ಲವೂ ಕೂಡಿ ಅದನ್ನು ಹಿಗ್ಗಿಸುತ್ತಲೂ ಕುಗ್ಗಿಸುತ್ತಲೂ ಬಂದಿವೆ.

ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳ ಫ್ರಾನ್ಸಿನ ಹಳ್ಳಿಗಳಲ್ಲಿ, ಪೆಟ್ಟಿಗೆಗಳ ತುಂಬ ನಾರುಬಟ್ಟೆಯ ಹೊದಿಕೆಗಳನ್ನು ಡಜನುಗಟ್ಟಲೆ ಕೂಡಿಟ್ಟಿದ್ದ ಅನುಕೂಲಸ್ಥ ಒಕ್ಕಲಿಗರ ಮನೆಯಲ್ಲಿ ದೊಡ್ಡ ಒಗೆತವೆಂಬುದು ವರ್ಷಕ್ಕೆ ಎರಡೋ ಮೂರೋ ಬಾರಿ ಮಾತ್ರ ನಡೆಯುವ ಮಹಾಕಾರ್ಯವಾಗಿತ್ತು. ವರ್ಷಕ್ಕೆ ಎಷ್ಟು ಕಡಿಮೆ ಸಲ ಒಗೆಯುತ್ತಾರೋ ಅಷ್ಟು ಬಟ್ಟೆ ಆ ಮನೆಯಲ್ಲಿದೆ ಎಂದರ್ಥವಾದ್ದರಿಂದ, ಒಗೆಯದಿರುವುದೇ ಅಂತಸ್ತಿನ ಲಕ್ಷಣವೆನಿಸಿತ್ತೆಂಬುದು ನಿತ್ಯವೂ ಮಿಂದು ಮಡಿಯುಡುವ ನಮ್ಮವರಿಗೆ ಕೊಂಚ ವಿಚಿತ್ರವಾಗಿ ಕಂಡೀತು. ಆ ಕಾರ್ಯವು ಮೂರು ದಿನಗಳದು. ಮೊದಲನೆಯ ದಿನ ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಹಾಕುವುದು; ಎರಡನೆಯ ದಿನ ಅದನ್ನು ದೊಡ್ಡ ಮರದ ತೊಟ್ಟಿಯಲ್ಲಿ ಪದರಪದರವಾಗಿ ಒಟ್ಟಿ, ಮೇಲೆ ಒರಟು ಬಟ್ಟೆಯೊಂದನ್ನು ಹಾಸಿ, ಅದರ ಮೇಲೆ ಜರಡಿ ಹಿಡಿದ ಸೌದೆಯ ಬೂದಿಯನ್ನು ಹರಡಿ, ಮೊದಲು ಉಗುರುಬೆಚ್ಚಗಿನ ನೀರನ್ನೂ ಬರಬರುತ್ತ ಹೆಚ್ಚು ಹೆಚ್ಚು ಬಿಸಿಯಾದ ನೀರನ್ನೂ ಸುರಿಯುತ್ತ, ತೊಟ್ಟಿಯ ತಳದ ತೂತಿನಿಂದ ಇಳಿದುಬಂದ ಬೂದಿನೀರನ್ನು ಮತ್ತೆ ಕಾಯಿಸಿ ಮತ್ತೆ ಸುರಿಯುತ್ತ ರಾತ್ರಿಯವರೆಗೆ ನಡೆಸುವುದು; ಮೂರನೆಯ ದಿನ ಹೊಳೆಯ ದಡಕ್ಕೆ ಸಾಗಿಸಿ, ಮರದ ಹಲಗೆಯಿಂದ ಬಡಿದು ಜಾಲಿಸಿ ಹುಲ್ಲಿನ ಮೇಲೆ ಹರವುವುದು. ಬರ್ಗಂಡಿ ಪ್ರಾಂತ್ಯದ ಹಳ್ಳಿಯ ಹೆಂಗಸರು ಈ ಮೂರು ದಿನಗಳಿಗೆ ಕ್ರಮವಾಗಿ ತಮ್ಮ ಧರ್ಮದ ಶೋಧನಲೋಕ, ನರಕ, ಸ್ವರ್ಗಗಳ ಹೆಸರನ್ನಿಟ್ಟುಕೊಂಡಿದ್ದರು.

ಬಿಸಿಯನ್ನು ಹಂತಹಂತವಾಗಿ ಏರಿಸುತ್ತಿದ್ದುದು ಬರಿಯ ರೂಢಿಯಲ್ಲ. ರಕ್ತ ಹಾಲು ಮೊದಲಾದುವುಗಳ ಕಲೆಯ ಮೇಲೆ ಒಮ್ಮೆಗೇ ಕುದಿನೀರು ಬಿದ್ದರೆ ಅದು ಗಟ್ಟಿಕಟ್ಟಿ ನಾರಿನಲ್ಲಿ ನೆಲೆನಿಲ್ಲುತ್ತದೆ. ಮೆಲ್ಲನೆ ಕಾದರೆ ಕಲೆಯು ಬಿಟ್ಟುಬರುತ್ತದೆ, ಬೂದಿಯ ಕ್ಷಾರವು ಜಿಡ್ಡನ್ನು ತಾನೇ ಸಾಬೂನಾಗಿ ಮಾರ್ಪಡಿಸಿಕೊಳ್ಳುತ್ತದೆ. ಇಂದಿನ ಯಂತ್ರವು ತಣ್ಣೀರನ್ನು ಎಳೆದುಕೊಂಡು ತನ್ನೊಳಗೇ ನಿಧಾನವಾಗಿ ಕಾಯಿಸಿಕೊಳ್ಳುವಾಗ ಅನುಸರಿಸುವುದು ಇದೇ ಕ್ರಮವನ್ನು.

ನಮ್ಮ ನಾಡಿನ ಅಗಸರ ಉಬ್ಬೆಯೂ ಇದರ ಸಮೀಪದ ಬಂಧುವೆನ್ನಬೇಕು. ಬೂದಿಯ ಸ್ಥಾನದಲ್ಲಿ ಇಲ್ಲಿದ್ದುದು ಬೇಸಗೆಯಲ್ಲಿ ಹೊಲದ ತಗ್ಗುಗಳ ಮೇಲೆ ಬೆಳ್ಳಗೆ ಉಕ್ಕುವ ಚೌಳುಮಣ್ಣು, ಅರ್ಥಾತ್ ಪ್ರಕೃತಿಯೇ ಹರಡಿಟ್ಟ ಸೋಡ. ಚೌಳಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ನೀರು ತುಂಬಿದ ಮಡಕೆಯ ಮೇಲೆ ಸುತ್ತಲೂ ಏರಿಸಿ, ಕೆಳಗೆ ಉರಿಯಿಟ್ಟು, ಹಬೆಯು ಪದರಪದರಗಳಲ್ಲಿ ನುಸುಳುವಂತೆ ಬಿಟ್ಟು, ಮರುದಿನ ಬೆಳಗ್ಗೆ ಕೆರೆಯ ಕಲ್ಲಿಗೆ ಒಯ್ಯುತ್ತಿದ್ದರು. ಇಡೀ ನೀರನ್ನು ಕುದಿಸುವ ಬದಲು ಹಬೆಯನ್ನಷ್ಟೇ ಬಳಸುವ ಈ ಉಪಾಯದಲ್ಲಿ ಸೌದೆಯೂ ನೀರೂ ಮಿಗುತ್ತಿದ್ದುವು. ವೆಚ್ಚವಾಗುತ್ತಿದ್ದುದು ರಾತ್ರಿಯ ಹೊತ್ತು. ಯಾವುದನ್ನು ಉಬ್ಬೆಗೇರಿಸಬೇಕು, ಯಾವುದನ್ನು ಅಂಟುವಾಳದ ನೊರೆಯಲ್ಲಿ ಹಿಸುಕಿ ತೆಗೆದರೆ ಸಾಕು ಎಂಬ ತಾರತಮ್ಯವೆಲ್ಲ ಅಗಸಗಿತ್ತಿಯ ಬೆರಳತುದಿಯಲ್ಲಿತ್ತು. ಹನ್ನೆರಡನೆಯ ಶತಮಾನದಲ್ಲಿ ಶರಣರ ಬಟ್ಟೆಯನ್ನು ಮಡಿಮಾಡುವುದನ್ನೇ ಕಾಯಕವಾಗಿಸಿಕೊಂಡ ಮಡಿವಾಳ ಮಾಚಿದೇವನನ್ನು ನೆನೆಯುವ ನಾವು, ಆ ಕಾಯಕದೊಳಗಿನ ರಸಾಯನಶಾಸ್ತ್ರವನ್ನು ನೆನೆಯುವುದು ಅಪರೂಪ.

ಈ ಜ್ಞಾನವನ್ನು ಸೂತ್ರರೂಪದಲ್ಲಿ ಹೇಳಿದವನು ಜರ್ಮನಿಯ ಹೆಂಕೆಲ್ ಕಾರ್ಖಾನೆಯ ಹೆರ್ಬರ್ಟ್ ಸಿನ್ನರ್ ಎಂಬ ರಸಾಯನಜ್ಞ. 1959ರಲ್ಲಿ ಅವನು ಪ್ರತಿಪಾದಿಸಿದಂತೆ ಕೊಳೆಯನ್ನು ಕಳೆಯುವ ಶಕ್ತಿಗಳು ನಾಲ್ಕು: ರಸಾಯನ, ಬಡಿತ, ಶಾಖ, ಕಾಲ. ಇವು ಒಂದೇ ವೃತ್ತದ ನಾಲ್ಕು ಪಾಲುಗಳು. ಒಂದನ್ನು ಕಿರಿದುಗೊಳಿಸಿದರೆ ಉಳಿದವುಗಳಲ್ಲೊಂದು ಹಿರಿದಾಗಲೇಬೇಕು, ಇಲ್ಲವಾದರೆ ಬಟ್ಟೆಯು ಕೊಳೆಯಾಗಿಯೇ ಉಳಿಯುತ್ತದೆ. ಒಗೆತದ ಅವಧಿಯನ್ನು ಕುಗ್ಗಿಸಿದೆನೆಂದು ಹೇಳಿಕೊಂಡವರೆಲ್ಲರೂ ಆ ಕಾಲದ ಪಾಲನ್ನು ಬೇರೆ ಯಾರ ಮೇಲೆ ಹೊರಿಸಿದರೆಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ.

ಮೊದಲು ಹೊರಿಸಿದುದು ಹೆಂಗಸರ ತೋಳಿನ ಮೇಲೆ. ನಿಕೊಲಾ ಲೆಬ್ಲಾಂಕನು 1791ರಲ್ಲಿ ಉಪ್ಪಿನಿಂದ ಸೋಡ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದ ತರುವಾಯ ಕಾಲಕ್ರಮದಲ್ಲಿ ಸೋಡವೂ ಸೋಪೂ ಅಗ್ಗವಾದುವು. ಗಿರಣಿಯ ಹತ್ತಿಬಟ್ಟೆಯು ನಾರುಬಟ್ಟೆಯನ್ನು ಮೂಲೆಗೊತ್ತಿತು. ಮೂರು ದಿನಗಳ ಮಹಾಕಾರ್ಯವು ವಾರಕ್ಕೊಂದು ದಿನದ ಕೆಲಸವಾಗಿ ಇಂಗ್ಲೆಂಡು ಅಮೆರಿಕಗಳಲ್ಲಿ ಸೋಮವಾರಕ್ಕೆ ನಿಯತವಾಯಿತು. ತೊಟ್ಟಿಯಲ್ಲಿ ಬೂದಿನೀರು ತಾನಾಗಿ ಇಳಿಯುತ್ತ ಮಾಡುತ್ತಿದ್ದ ಕೆಲಸವನ್ನು ಈಗ ಗೀರುಹಲಗೆಯ ಮೇಲೆ ಉಜ್ಜಿ ಉಜ್ಜಿ ಅವಸರದಲ್ಲಿ ಮಾಡಬೇಕಾಯಿತು. ಮೂರು ದಿನ ಒಂದಾಯಿತೆಂದರೆ ಲಾಭವೆಂದೇ ತೋರಬಹುದು. ಆದರೆ ವರ್ಷಕ್ಕೆ ಮೂರು ಬಾರಿಯ ಮೂರು ದಿನ ಒಂಬತ್ತಾದರೆ, ವಾರಕ್ಕೊಂದು ದಿನ ಐವತ್ತೆರಡಾಯಿತಷ್ಟೆ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ತಮ್ಮ 1983ರ ಗ್ರಂಥದಲ್ಲಿ, ಮನೆವಾರ್ತೆಯ ಯಂತ್ರಗಳು ಬಂದ ಮೇಲೂ ತಾಯಂದಿರ ಕೆಲಸ ಇಳಿಯಲಿಲ್ಲವೆಂದು ತೋರಿಸಿಕೊಟ್ಟುದು ಇದೇ ಜಾಡಿನಲ್ಲಿ.

ಯಂತ್ರದ ಕನಸು ಮಾತ್ರ ಅದಕ್ಕೂ ಹಳೆಯದು. ಅಣಬೆಗಳ ವಿಷಯದಲ್ಲಿ ಪಂಡಿತನೂ, ಕಣಜದ ಗೂಡಿನಿಂದ ಸಹ ಕಾಗದ ಮಾಡಲೆಳಸಿದ ವಿಚಿತ್ರ ಕುತೂಹಲಿಯೂ ಆಗಿದ್ದ ರೆಗೆನ್ಸ್‌ಬರ್ಗಿನ ಪಾದ್ರಿ ಯಾಕೋಬ್ ಕ್ರಿಸ್ಟಿಯಾನ್ ಷೆಫರನು 1767ರಲ್ಲಿ ಒಗೆಯುವ ಯಂತ್ರವೊಂದರ ವಿವರಣೆಯನ್ನು ಪ್ರಕಟಿಸಿದನು. 1782ರಲ್ಲಿ ಇಂಗ್ಲೆಂಡಿನ ಹೆನ್ರಿ ಸಿಡ್ಜಿಯರನು ತಿರುಗುವ ಪೀಪಾಯಿಯ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಇವೆಲ್ಲವನ್ನೂ ಕೈಯಿಂದ ತಿರುಗಿಸಬೇಕಾಗಿದ್ದುದರಿಂದ ಶ್ರಮವು ಮೊಣಕೈಯಿಂದ ಭುಜಕ್ಕೆ ವರ್ಗವಾಯಿತೇ ಹೊರತು ಹೆಚ್ಚೇನೂ ಆಗಲಿಲ್ಲ. ನಿಜವಾದ ಬಿಡುಗಡೆ ರಸಾಯನದ ಕಡೆಯಿಂದ ಬಂದಿತು. 1907ರಲ್ಲಿ ಹೆಂಕೆಲ್ ಕಾರ್ಖಾನೆಯು ಮಾರುಕಟ್ಟೆಗೆ ತಂದ ಪರ್ಸಿಲ್ ಪುಡಿಯು ಕುದಿಯುವ ಹಂಡೆಯಲ್ಲಿ ತಾನೇ ಆಮ್ಲಜನಕವನ್ನು ಬಿಟ್ಟು ಬಟ್ಟೆಯನ್ನು ಬಿಳಿದುಮಾಡುತ್ತಿದ್ದಿತಾಗಿ ಉಜ್ಜುವಿಕೆಯೂ ಹುಲ್ಲಿನ ಮೇಲಿನ ಬಿಸಿಲ ಹರಹೂ ಅನಾವಶ್ಯಕವಾದುವು. ಆದರೆ ಆ ಪುಡಿಗೆ ಕುದಿಯೇ ಬೇಕು. ತೋಳಿನ ಭಾರವನ್ನು ಇಳಿಸಿಕೊಂಡ ಒಗೆತವು ಕಲ್ಲಿದ್ದಲಿನ ಮೇಲೆ ಒರಗಿಕೊಂಡಿತು.

ವಿದ್ಯುತ್ತಿನ ಯಂತ್ರಗಳಲ್ಲಿ ಎರಡು ಸಂತತಿಗಳನ್ನು ಗುರುತಿಸಬಹುದು. ತೊಟ್ಟಿಯಲ್ಲಿ ಬಿಲ್ಲೆಯೊಂದು ಗಿರ್ರನೆ ತಿರುಗಿ ನೀರನ್ನು ಸುಳಿಯಾಗಿಸುವುದು ಒಂದು. ಹೂವರ್ ಕಂಪನಿಯು 1948ರಲ್ಲಿ ವೇಲ್ಸಿನಲ್ಲಿ ತಯಾರಿಸತೊಡಗಿದ ಪುಟ್ಟ ಯಂತ್ರವೂ, 1953ರಲ್ಲಿ ಜಪಾನಿನ ಸ್ಯಾನ್ಯೋ ಹೊರತಂದ ಯಂತ್ರವೂ ಈ ಬಗೆಯವು. ಇವು ಕೆಲವೇ ನಿಮಿಷಗಳಲ್ಲಿ ಒಗೆದುಬಿಡುತ್ತಿದ್ದುವು, ಆದರೆ ಬಳಿಯಲ್ಲಿ ಒಬ್ಬರು ನಿಂತಿರಬೇಕಾಗಿತ್ತು. ಮತ್ತೊಂದು ಸಂತತಿ ಸ್ವಯಂಚಾಲಿಯಾದುದು: 1937ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಬೆಂಡಿಕ್ಸ್, 1951ರಲ್ಲಿ ಜರ್ಮನಿಯ ಕನ್‌ಸ್ಟ್ರುಕ್ಟಾ. ಎರಡನ್ನೂ ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಾಗಿತ್ತು. ಇಲ್ಲವಾದರೆ ಹಿಂಡುವ ಹೊತ್ತಿಗೆ ಕೋಣೆಯ ತುಂಬ ನಡೆದಾಡುತ್ತಿದ್ದುವು.

ಸ್ವಯಂಚಾಲಿ ಯಂತ್ರದ ಆತ್ಮವೆಂದರೆ ಅದರ ಟೈಮರ್. ಸಣ್ಣ ಮೋಟಾರೊಂದು ಉಬ್ಬುತಗ್ಗಿನ ಅಂಚುಳ್ಳ ಬಿಲ್ಲೆಗಳ ಸಾಲನ್ನು ಟಿಕ್ಕು ಟಿಕ್ಕೆಂದು ಮುಂದೂಡುತ್ತದೆ. ಉಬ್ಬು ಬಂದಲ್ಲಿ ಸಂಪರ್ಕ ಕೂಡುತ್ತದೆ, ತಗ್ಗು ಬಂದಲ್ಲಿ ಕಡಿಯುತ್ತದೆ. ನೀರಿನ ಬಾಯಿ ತೆರೆಯುವುದು, ಡ್ರಮ್ಮು ತಿರುಗುವುದು, ಕೊಳೆನೀರು ಹೊರಹೋಗುವುದು ಎಲ್ಲವೂ ಆ ಅಂಚಿನ ಮೇಲೆ ಕಾರ್ಖಾನೆಯಲ್ಲಿಯೇ ಕೊರೆದಿಟ್ಟ ವಿಧಿಲಿಖಿತ. ಹೀಗೆ ಒಗೆಯುವವಳ ವಿವೇಚನೆಯನ್ನು ಬಿಲ್ಲೆಯು ವಹಿಸಿಕೊಂಡಿತೆಂಬುದು ನಿಜವಾದರೂ, ಆ ಹಳೆಯ ತಿರುಗುಗುಂಡಿಯಲ್ಲಿ ಒಂದು ಸೌಜನ್ಯವಿತ್ತು. ಬಟ್ಟೆ ಅಷ್ಟೇನೂ ಕೊಳೆಯಾಗಿಲ್ಲವೆಂದು ತೋರಿದರೆ ಗುಂಡಿಯನ್ನು ಕೈಯಿಂದ ಮುಂದಕ್ಕೆ ತಿರುಗಿಸಿ ಅರ್ಧ ಒಗೆತವನ್ನು ದಾಟಿಸಿಬಿಡಬಹುದಾಗಿತ್ತು. ಇನ್ನೊಮ್ಮೆ ಜಾಲಿಸಬೇಕೆನಿಸಿದರೆ ಪೂರ್ತಿ ಸುತ್ತಿಸಿ ಆ ಸ್ಥಾನಕ್ಕೆ ತರಬಹುದಾಗಿತ್ತು. ಕರೆಂಟು ಹೋದರೆ ಗುಂಡಿಯು ನಿಂತಲ್ಲೇ ನಿಂತಿದ್ದು, ಬಂದೊಡನೆ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಮೊದಮೊದಲ ಇಲೆಕ್ಟ್ರಾನಿಕ್ ಯಂತ್ರಗಳಲ್ಲಿ ಎಷ್ಟೋ ಕರೆಂಟು ಹೋಗಿ ಬಂದರೆ ಎಲ್ಲವನ್ನೂ ಮರೆತು ಮೊದಲಿನಿಂದ ಆರಂಭಿಸುತ್ತಿದ್ದುವು. ನೈಲಾನು ಟೆರಿಲೀನುಗಳು ಬಂದಾಗ ಮೃದುವಾದ ಒಗೆತ, ಸುಕ್ಕುಬೀಳದ ಒಗೆತವೆಂದು ವಿಧಿಗಳು ಬೆಳೆಯುತ್ತ ಹೋದುವು. 1990ರಲ್ಲಿ ಜಪಾನಿನ ಮತ್ಸುಷಿತ ಕಂಪನಿಯು ಒಗೆಯುವ ನೀರಿನ ಮೂಲಕ ಬೆಳಕು ಹಾಯಿಸಿ, ಅದು ಎಷ್ಟು ಮಸುಕಾಯಿತೆಂಬುದನ್ನು ನೋಡಿ ಅವಧಿಯನ್ನು ತಾನೇ ನಿಶ್ಚಯಿಸುವ ಯಂತ್ರವನ್ನು ತಂದಿತು. ಅಗಸಗಿತ್ತಿಯು ನೀರಿನ ಬಣ್ಣ ನೋಡಿ ಅರಿಯುತ್ತಿದ್ದುದನ್ನು ಯಂತ್ರವು ಕಲಿತುದು ಹೀಗೆ, ಬಹಳ ತಡವಾಗಿ.

ಇಷ್ಟಾಗಿಯೂ ಅವಧಿಯು ಹಿಗ್ಗಿದುದೇಕೆ? ಬಟ್ಟೆ ಒಗೆಯುವಾಗ ವ್ಯಯವಾಗುವ ವಿದ್ಯುತ್ತಿನ ಬಹುಭಾಗವು ಡ್ರಮ್ಮನ್ನು ತಿರುಗಿಸುವುದಕ್ಕಲ್ಲ, ನೀರನ್ನು ಕಾಯಿಸುವುದಕ್ಕೆ. 1973ರ ತೈಲಸಂಕಟದ ತರುವಾಯ ಯೂರೋಪಿನ ಗೃಹಿಣಿಯರು 95 ಡಿಗ್ರಿಯಿಂದ 60ಕ್ಕೂ ಅಲ್ಲಿಂದ 40ಕ್ಕೂ ಇಳಿದರು. ರಸಾಯನವು ಒಂದಷ್ಟು ಹೆಗಲುಕೊಟ್ಟಿತು: ಜರ್ಮನಿಯ ರಸಾಯನಜ್ಞ ಒಟ್ಟೊ ರ‍್ಯೋಮ್ 1913ರಷ್ಟು ಹಿಂದೆಯೇ ಪ್ರಾಣಿಗಳ ಜೀರ್ಣರಸವನ್ನು ಒಗೆತಕ್ಕೆ ಹಚ್ಚಿದ್ದನು, ಡೆನ್ಮಾರ್ಕಿನ ನೋವೊ ಕಂಪನಿಯು 1960ರ ದಶಕದಲ್ಲಿ ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವಗಳನ್ನು ಒದಗಿಸಿತು. ಆದರೆ ಕಿಣ್ವಕ್ಕೆ ಅವಸರವಾಗದು; ಅದು ಕಲೆಯನ್ನು ಮೆಲ್ಲಲು ಹೊತ್ತು ಬೇಕು. 1990ರ ದಶಕದಲ್ಲಿ ಯಂತ್ರದ ಮೇಲೆ ವಿದ್ಯುತ್ ಮಿತವ್ಯಯದ ಪಟ್ಟಿಯನ್ನು ಅಂಟಿಸುವ ನಿಯಮ ಬಂದ ಮೇಲೆ, ಪರೀಕ್ಷೆಗೊಳಗಾಗುವ ಆ ಒಂದು ವಿಧಿಯಲ್ಲಿ ತಯಾರಕರು ಶಾಖವನ್ನು ಕಳೆದು ಕಾಲವನ್ನು ಕೂಡಿಸುತ್ತ ಹೋದರು. ಫಲಕದ ಮೇಲೆ 60 ಎಂದಿದ್ದರೂ ಒಳಗಿನ ನೀರು ಅಷ್ಟಕ್ಕೇರದ ಪ್ರಸಂಗಗಳು ಪರೀಕ್ಷಕರ ಕಣ್ಣಿಗೆ ಬಿದ್ದುವು. ಕೊನೆಗೆ 2021ರ ಮಾರ್ಚಿನಿಂದ ಜಾರಿಗೆ ಬಂದ ಯೂರೋಪಿನ ನಿಯಮವು ಈ ಹಿಗ್ಗುವಿಕೆಗೇ ಒಂದು ಎಲ್ಲೆಯನ್ನು ಹಾಕಬೇಕಾಯಿತು: ಯಂತ್ರವೆಷ್ಟೇ ದೊಡ್ಡದಾಗಿರಲಿ, ಮಿತವ್ಯಯದ ವಿಧಿಯು 240 ನಿಮಿಷವನ್ನು ಮೀರಕೂಡದು. ಚಿಕ್ಕ ಯಂತ್ರಗಳಿಗೆ ಗಾತ್ರಕ್ಕೆ ತಕ್ಕಂತೆ ಎಲ್ಲೆಯೂ ಇಳಿಯುವುದರಿಂದ, 8 ಕಿಲೋ ಯಂತ್ರಕ್ಕೆ ಆ ಲೆಕ್ಕವು 3 ಗಂಟೆ 38 ನಿಮಿಷಕ್ಕೆ ಬರುತ್ತದೆ.

ಅಮೆರಿಕದಲ್ಲಿ ಒಗೆತದ ಅವಧಿಯ ವ್ಯಾಜ್ಯವು ರಾಜಕೀಯಕ್ಕೇ ಏರಿತು. ಅಲ್ಲಿಯ ಇಂಧನ ಇಲಾಖೆಯು 2020ರ ಡಿಸೆಂಬರಿನಲ್ಲಿ, ಮೇಲಿನಿಂದ ತುಂಬುವ ಯಂತ್ರವಾದರೆ 30 ನಿಮಿಷ, ಮುಂದಿನಿಂದ ತುಂಬುವುದಾದರೆ 45 ನಿಮಿಷದೊಳಗೆ ಒಗೆಯುವ ಯಂತ್ರಗಳಿಗೆ ಪ್ರತ್ಯೇಕ ವರ್ಗವನ್ನೇ ಕಲ್ಪಿಸಿತು. 2022ರ ಜನವರಿಯಲ್ಲಿ ಮುಂದಿನ ಸರಕಾರ ಅದನ್ನು ರದ್ದುಪಡಿಸಿತು. 2024ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು ಆ ರದ್ದತಿಯೇ ಯುಕ್ತಿಹೀನವೆಂದಿತು. ಕಾನೂನಿನ ಈ ಹಗ್ಗಜಗ್ಗಾಟದಲ್ಲಿ ಸಿನ್ನರನ ವೃತ್ತವನ್ನು ನೆನೆದವರು ಎಷ್ಟು ಮಂದಿಯೋ! ಅವಧಿಯನ್ನು ಕುಗ್ಗಿಸಬಯಸುವವರು ಬಿಸಿಯನ್ನು ಏರಿಸಬಹುದು, ಡ್ರಮ್ಮನ್ನು ಅರ್ಧ ಮಾತ್ರ ತುಂಬಬಹುದು, ಇಲ್ಲವೆ ಕಲೆಯಿದ್ದ ಕಡೆ ಮುಂಚಿತವಾಗಿ ಸೋಪು ಹಚ್ಚಿ ನೆನೆಹಾಕಬಹುದು. ಇವಾವುದನ್ನೂ ಮಾಡದೆ ತುಂಬಿದ ಡ್ರಮ್ಮಿಗೆ 15 ನಿಮಿಷದ ವಿಧಿಯನ್ನು ಒತ್ತಿದವರಿಗೆ ದೊರೆಯುವುದು ಸುವಾಸನೆಯುಳ್ಳ ಕೊಳೆ.

ನಮ್ಮ ಊರುಗಳ ಮಧ್ಯಮವರ್ಗದ ಮನೆಗಳಿಗೆ ಯಂತ್ರವು ಬಂದಾಗ ಅನೇಕರು ಆರಿಸಿಕೊಂಡುದು ಎರಡು ತೊಟ್ಟಿಗಳ ಸೆಮಿ ಆಟೋಮ್ಯಾಟಿಕ್, ಅಂದರೆ ಜಪಾನಿನ ಆ ಸುಳಿಯಂತ್ರದ ಸಂತತಿಯನ್ನು. ಅಗ್ಗವೆಂಬುದೊಂದೇ ಕಾರಣವೆಂದು ನಾನು ಒಪ್ಪಲಾರೆ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುವಲ್ಲಿ, ಕರೆಂಟು ಯಾವಾಗ ಹೋದೀತೆಂದು ಹೇಳಲಾಗದಲ್ಲಿ, ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆಗಟ್ಟದಲ್ಲಿ, ಕಾರ್ಖಾನೆಯ ವಿಧಿಲಿಖಿತವು ನಡೆಯುವುದು ಕಷ್ಟ. ಇಲ್ಲಿಯ ಗೃಹಿಣಿಯಾದರೋ ಒಲೆಯ ಮೇಲೆ ಕಾಯಿಸಿದ ನೀರನ್ನು ಬಿಂದಿಗೆಯಿಂದ ಸುರಿದು, ಮೊದಲು ಬಿಳಿಯ ಪಂಚೆ ಬನಿಯನುಗಳನ್ನೂ, ಅದೇ ಸೋಪುನೀರಿನಲ್ಲಿ ಅನಂತರ ಬಣ್ಣದ ಬಟ್ಟೆಗಳನ್ನೂ, ಕಟ್ಟಕಡೆಗೆ ಕಾಲೊರಸು ಮಸಿಬಟ್ಟೆಗಳನ್ನೂ ಒಗೆದು, ಮಕ್ಕಳ ಶಾಲೆಯ ಅಂಗಿಗೆ ಹದಿನೈದು ನಿಮಿಷವನ್ನೂ ರೇಷ್ಮೆ ರವಿಕೆಗೆ ಎರಡೇ ನಿಮಿಷವನ್ನೂ ಗುಂಡಿ ತಿರುಗಿಸಿ ಕೊಟ್ಟು, ನಡುವೆ ಕರೆಂಟು ಹೋದರೆ ಉಳಿದುದನ್ನು ಬಚ್ಚಲಿನ ಕಲ್ಲಿನ ಮೇಲೆ ಕುಕ್ಕಿ ಮುಗಿಸುತ್ತಾಳೆ. ಉಳಿದ ಸೋಪುನೀರು ಬಚ್ಚಲನ್ನು ತೊಳೆಯಲು ಸಲ್ಲುತ್ತದೆ.