ಕೊಲ್ಲಾಪುರದ ಕುಸ್ತಿ: ಪೈಲವಾನನ ಖುರಾಕು ಯಾರು ಕೊಟ್ಟರು?

ನಾನು ಏಳನೆಯ ಇಯತ್ತೆಯ ತನಕ ಕಲಿತವನು. ಹಗಲಿಗೆ ಹೊಲದ ಕೆಲಸ, ರಾತ್ರಿ ಡೊಳ್ಳಿನ ಪದ. ಜತ್ತ ಸೀಮೆಯ ನಮ್ಮ ಹಳ್ಳಿಗಳಲ್ಲಿ ಜಾತ್ರಿ ಅಂದರೆ ಮುಂಜಾನೆ ಪಲ್ಲಕ್ಕಿ, ಮಧ್ಯಾಹ್ನ ಕುಸ್ತಿ, ರಾತ್ರಿ ಹಾಡಕಿ. ನಮ್ಮ ಮೇಳ ಸಂಜೆಗೆ ಮೊದಲೇ ಊರು ಮುಟ್ಟುತ್ತಿತ್ತು. ಹಿಂಗಾಗಿ ನಲವತ್ತು ವರ್ಷ ಕಣದ ದಂಡೆಗೆ ಕುಂತು ಕುಸ್ತಿ ನೋಡೀನಿ. ದೊಡ್ಡ ಜೋಡಿಯ ಪೈಲವಾನರು ಯಾವ ಊರಿನವರೇ ಇರಲಿ, "ತಾಲೀಮು ಎಲ್ಲಿ ಮಾಡೀರಿ?" ಅಂತ ಕೇಳಿದರೆ ಬಹಳ ಮಂದಿಯದು ಒಂದೇ ಮಾತು: ಕೊಲ್ಲಾಪುರ.

ಆ ಊರಿಗೇ ಕುಸ್ತಿ ಯಾಕೆ ಒಲಿಯಿತು? ಪಂಚಗಂಗೆಯ ನೀರಿನ ಗುಣ ಅಂತ ನಮ್ಮ ಮಂದಿ ಹೇಳತಾರ. ನೀರು ಒಳ್ಳೇದು, ಖರೆ. ಆದರ ಬರೇ ನೀರು ಕುಡಿದು ಯಾರೂ ಪೈಲವಾನ ಆಗೂದಿಲ್ಲ. ಹಾಲು ಬೇಕು, ತುಪ್ಪ ಬೇಕು, ಬದಾಮಿ ಬೇಕು. ಹತ್ತು ವರ್ಷ ಹೊಲಕ್ಕೆ ಹೋಗದೆ ಮೈ ಬೆಳೆಸಬೇಕು. ಅಷ್ಟು ದಿನ ಅವನನ್ನು ಸಾಕುವವರು ಯಾರು? ಕೊಲ್ಲಾಪುರದ ಕುಸ್ತಿಯ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅದ ಅಂತ ನನಗೆ ಅನಿಸೇದ.

ಮೊದಲು ಸಾಕಿದವರು ರಾಜರ್ಷಿ ಶಾಹು ಮಹಾರಾಜರು. ಅವರು ಹುಟ್ಟಿದ್ದು 1874ರಲ್ಲಿ, ಕಾಗಲದ ಘಾಟಗೆ ಮನೆತನದಲ್ಲಿ. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಹೋಗುವಾಗ ಈ ಕಾಗಲ ದಾರಿಯಲ್ಲೇ ಸಿಗುತ್ತದೆ. ಹತ್ತು ವರ್ಷದ ಹುಡುಗ ಇದ್ದಾಗ ದತ್ತಕ ಹೋಗಿ, 1894ರಲ್ಲಿ ರಾಜ್ಯಭಾರ ಕೈಗೆ ತಗೊಂಡರು. ಸ್ವತಃ ಕುಸ್ತಿ ಮಾಡಿದ ಆಳು, ಎತ್ತರದ ದೊಡ್ಡ ಮೈ. ಪಂಜಾಬದಂಥ ದೂರದ ಸೀಮೆಯಿಂದ ಹೆಸರಾದ ಮಲ್ಲರನ್ನು ಕರೆಸಿ, ಇಟ್ಟುಕೊಂಡು, ಖುರಾಕು ಕೊಟ್ಟರು. ಅವರನ್ನು ನೋಡಿ ನಮ್ಮ ಸೀಮೆಯ ಹುಡುಗರು ಡಾವು ಕಲಿತರು.

ಅದೇ ಮಹಾರಾಜರು 1902ರ ಜುಲೈ 26ರಂದು ತಮ್ಮ ರಾಜ್ಯದ ನೌಕರಿಗಳಲ್ಲಿ ನೂರಕ್ಕೆ 50 ಜಾಗ ಹಿಂದುಳಿದ ಜಾತಿಯವರಿಗೆ ಮೀಸಲಿಟ್ಟು ಹುಕುಂ ಮಾಡಿದರು. ಇದು ಶಾಲೆಯ ಪುಸ್ತಕದಲ್ಲಿ ಬರುತ್ತದೆ. ಕುಸ್ತಿಗೂ ಇದಕ್ಕೂ ಸಂಬಂಧ ಅದ. ಕಣದೊಳಗೆ ಇಳಿದ ಮ್ಯಾಲ ಇಬ್ಬರು ಒಬ್ಬರ ಮೈ ಒಬ್ಬರು ಹಿಡಿಯಲೇಬೇಕು. ಒಬ್ಬನ ಬೆವರು ಇನ್ನೊಬ್ಬನ ಮೈಗೆ ಹತ್ತತದ. ಅಲ್ಲಿ ಮುಟ್ಟಬ್ಯಾಡ, ದೂರ ನಿಲ್ಲು ಅನ್ನೂ ಮಾತು ನಡಿಯೂದಿಲ್ಲ. ಜಾತಿ ನೋಡದೆ ಎಲ್ಲರಿಗೂ ಆಸರೆ ಕೊಟ್ಟ ರಾಜನಿಗೆ ಕುಸ್ತಿ ಯಾಕೆ ಅಷ್ಟು ಪ್ರೀತಿಯದಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಆ 1902ರಲ್ಲೇ ಮಹಾರಾಜರು ಏಳನೆಯ ಎಡ್ವರ್ಡ್ ಬಾದಶಹನ ಪಟ್ಟಾಭಿಷೇಕಕ್ಕೆ ವಿಲಾಯತಿಗೆ ಹೋಗಿದ್ದರು. ಆ ಪ್ರವಾಸದಲ್ಲಿ ರೋಮ ಪಟ್ಟಣದ ಹಳೆಯ ದುಂಡನೆಯ ಮಲ್ಲರಂಗವನ್ನು ನೋಡಿ, ಅಂಥದೊಂದು ನಮ್ಮಲ್ಲೂ ಆಗಬೇಕು ಅಂದರಂತೆ. 1907ರಲ್ಲಿ ಕೆಲಸ ಶುರುವಾಗಿ 1912ಕ್ಕೆ ಖಾಸಬಾಗ ಮೈದಾನ ಮುಗಿಯಿತು. ನಟ್ಟನಡುವೆ ಕೆಂಪು ಮಣ್ಣಿನ ಕಣ, ಸುತ್ತ ಬಟ್ಟಲಿನ ಹಾಗೆ ಏರುತ್ತ ಹೋಗುವ ದಿಬ್ಬ. ಎಲ್ಲಿ ಕುಂತರೂ ಮುಂದಿನವನ ರುಮಾಲು ಅಡ್ಡ ಬರುವುದಿಲ್ಲ. ಹತ್ತಾರು ಸಾವಿರ ಮಂದಿ ಹಿಡಿಸುತ್ತಾರೆ. ಮೊದಲನೆಯ ದೊಡ್ಡ ಕುಸ್ತಿ ಗಾಮಾ ಪೈಲವಾನನ ತಮ್ಮ ಇಮಾಮ್ ಬಕ್ಷನಿಗೂ ಗುಲಾಮ್ ಮೊಹಿದ್ದೀನನಿಗೂ ಆಯಿತೆಂದು ಹೇಳುತ್ತಾರೆ. ಮೈದಾನದ ಮಗ್ಗುಲಿಗೇ ಮಹಾರಾಜರು ನಾಟಕದ ಥೇಟರನ್ನೂ ಕಟ್ಟಿಸಿದರು. ಹಾಡುವವನು ನಾನು, ಆದ್ದರಿಂದ ಇದನ್ನು ಬಿಡಲಾರೆ: ಮಲ್ಲನಿಗೂ ಕಲಾವಂತನಿಗೂ ಒಂದೇ ಕಡೆ ಜಾಗ ಕೊಟ್ಟ ಧಣಿ ಅವರು.

ನಾವು ಗರಡಿಮನಿ ಅನ್ನುವುದಕ್ಕೆ ಅಲ್ಲಿ ತಾಲೀಮು ಅಂತಾರ. ಗಂಗಾವೇಸ, ಮೋತಿಬಾಗ, ಶಾಹುಪುರಿ ಇವು ಹೆಸರಾದ ತಾಲೀಮುಗಳು. ತಾಲೀಮಿನ ಮಣ್ಣು ಬರೇ ಮಣ್ಣಲ್ಲ. ಸೋಸಿದ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆಹಣ್ಣಿನ ರಸ ಹಾಕಿ ಹದ ಮಾಡುತ್ತಾರೆ. ಬಿದ್ದರೆ ಪೆಟ್ಟು ಹತ್ತಬಾರದು, ಗಾಯ ಕೀವಾಗಬಾರದು. ನಮ್ಮ ಹೊಲದ ಹದ ಇದ್ದಂಗ, ದಿನಾ ಅಗೆದು ತಿರುವಬೇಕು. ನಸುಕಿನ್ಯಾಗ ಎದ್ದು ದಂಡ, ಬೈಠಕು, ಆಮೇಲೆ ಜೋರು. ವಸ್ತಾದನ ಮಾತು ಮೀರುವಂತಿಲ್ಲ.

1922ರ ಮೇ ತಿಂಗಳಲ್ಲಿ ಶಾಹು ಮಹಾರಾಜರು ತೀರಿಕೊಂಡರು. 1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಮನೆಯ ಖುರಾಕು ನಿಂತ ಮೇಲೆ ಕುಸ್ತಿಯೂ ನಿಲ್ಲಬೇಕಿತ್ತು. ಬೇರೆ ಎಷ್ಟೋ ಸಂಸ್ಥಾನದ ಊರುಗಳಲ್ಲಿ ಹಾಗೇ ಆಯಿತು. ಕೊಲ್ಲಾಪುರದಲ್ಲಿ ನಿಲ್ಲಲಿಲ್ಲ. ಯಾಕೆಂದರೆ ಅಷ್ಟರಲ್ಲಿ ರಾಜನ ಹವ್ಯಾಸ ಊರಿನ ಹವ್ಯಾಸ ಆಗಿತ್ತು. ಇದಕ್ಕೆ ಖಾಶಾಬಾ ಜಾಧವರ ಕಥೆ ಸಾಕ್ಷಿ.

ಖಾಶಾಬಾ ಕರಾಡದ ಹತ್ತಿರದ ಗೋಳೇಶ್ವರ ಎಂಬ ಹಳ್ಳಿಯವರು, ಗಿಡ್ಡ ಆಳು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಓದುತ್ತಿದ್ದರು. 1948ರಲ್ಲಿ ಕೊಲ್ಲಾಪುರದ ಮಹಾರಾಜರು ಖರ್ಚು ಕೊಟ್ಟು ಲಂಡನ್ ಒಲಿಂಪಿಕ್ಸಿಗೆ ಕಳಿಸಿದರು. ಮಣ್ಣಿನಲ್ಲಿ ಪಳಗಿದ ಕಾಲಿಗೆ ಅಲ್ಲಿಯ ಮ್ಯಾಟು ಹೊಸದು, ಆದರೂ ಆರನೆಯ ನಂಬರು ಬಂದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಬೇಕು, ರೊಕ್ಕ ಇಲ್ಲ. ಆಗ ಕಾಲೇಜಿನ ಪ್ರಿನ್ಸಿಪಾಲ ಖರ್ಡೀಕರ ಅವರು ತಮ್ಮ ಮನೆಯನ್ನೇ ಒತ್ತಿ ಇಟ್ಟು 7000 ರೂಪಾಯಿ ಕೊಟ್ಟರು. ಊರ ಮಂದಿ ಕೈಲಾದಷ್ಟು ಪಟ್ಟಿ ಹಾಕಿದರು. ಖಾಶಾಬಾ ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ಗೆದ್ದು ತಂದ ಮೊದಲನೆಯ ಒಲಿಂಪಿಕ್ ಪದಕ ಅದು. ಊರಿಗೆ ಬಂದಾಗ ನೂರಕ್ಕೂ ಹೆಚ್ಚು ಚಕ್ಕಡಿ ಕಟ್ಟಿ ಮೆರವಣಿಗೆ ತೆಗೆದರು. ಆಮೇಲೆ ಅವರು ಕೊಲ್ಲಾಪುರದಲ್ಲಿ ಕುಸ್ತಿ ಹಿಡಿದು, ಗೆದ್ದ ರೊಕ್ಕದಲ್ಲಿ ಗುರುಗಳ ಸಾಲ ತೀರಿಸಿದರು. ಶಾಲೆಯ ಗುರುಗಳು ಈ ಪುಸ್ತಕ ಓದುತ್ತೀರಿ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ರಾಜ ಮಾಡುವ ಕೆಲಸವನ್ನು ಒಬ್ಬ ಮಾಸ್ತರರು ಮಾಡಿದರು.

ಇನ್ನೊಂದು ಹೆಸರು ನಮಗೆ ಹತ್ತಿರದ್ದು, ಶ್ರೀಪತಿ ಖಂಚನಾಳೆ. ಅವರು ಚಿಕ್ಕೋಡಿ ತಾಲೂಕಿನ ಯಕ್ಸಂಬಾದವರು. 1956ರಲ್ಲಿ ಭಾಷೆಯ ಮೇಲೆ ರಾಜ್ಯ ಹಂಚಿದಾಗ ಅವರ ಊರು ಮೈಸೂರಿಗೆ ಸೇರಿತು. ಅವರ ಮೈ ಬೆಳೆದದ್ದು ಮಾತ್ರ ಕೊಲ್ಲಾಪುರದ ತಾಲೀಮಿನಲ್ಲಿ. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಬಂತಾಸಿಂಗನನ್ನು ಕೆಡವಿ ಹಿಂದ್ ಕೇಸರಿ ಆದರು. ಗಡಿ ಅತ್ತಲಾಗಿನವರು ನಮ್ಮವ ಅಂದರು, ಇತ್ತಲಾಗಿನವರೂ ನಮ್ಮವ ಅಂದರು. ಇಬ್ಬರದೂ ಖರೆ. ಕೊನೆತನಕ ಕೊಲ್ಲಾಪುರದಲ್ಲೇ ಬಾಳಿ 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ, 1960ರಲ್ಲಿ, ಮೋತಿಬಾಗ ತಾಲೀಮಿನ ಗಣಪತರಾವ ಆಂದಳಕರ ಹಿಂದ್ ಕೇಸರಿ ಆದರು. 1962ರ ಜಕಾರ್ತಾ ಏಷ್ಯಾಡಿನಲ್ಲಿ ಬಂಗಾರ ಗೆದ್ದರು. ಮುಂದೆ ಅದೇ ಮೋತಿಬಾಗದಲ್ಲಿ ವಸ್ತಾದ ಆಗಿ ಹುಡುಗರನ್ನು ತಯಾರು ಮಾಡಿದರು. ಉಂಡ ಮನೆಗೆ ತಿರುಗಿ ಉಣಿಸಿದರು ಅನ್ನಬೇಕು.

ಕಬ್ಬು ಬಂದ ಮೇಲೆ ಆ ಸೀಮೆಯ ಸಹಕಾರಿ ಸಕ್ಕರೆ ಕಾರಖಾನೆಗಳು ಪೈಲವಾನರಿಗೆ ತಿಂಗಳಿಗಿಷ್ಟು ಅಂತ ಮಾನಧನ ಕೊಡತೊಡಗಿದವು. ಅಂದರೆ ಕಬ್ಬು ಹಾಕಿದ ರೈತನ ರೊಕ್ಕವೇ ಸುತ್ತಿ ಬಳಸಿ ಕಣಕ್ಕೆ ಬಂತು. ಈಗ ತಾಲೀಮುಗಳಿಗೆ ಮ್ಯಾಟೂ ಬಂದಿದೆ, ಯಾಕೆಂದರೆ ಸರಕಾರದ ಸ್ಪರ್ಧೆ, ನೌಕರಿ ಎಲ್ಲ ಮ್ಯಾಟಿನ ಮೇಲೆ. ಹೆಣ್ಣುಮಕ್ಕಳೂ ಲಂಗೋಟದ ಗಂಡಸರ ಈ ಆಟಕ್ಕೆ ಇಳಿದು ಗೆಲ್ಲುತ್ತಿದ್ದಾರೆ. ಪೇಟೆಪೇಟೆಯ ತರುಣರು ಫುಟಬಾಲ್ ಆಡುತ್ತಾರೆ, ಆದರೆ ಅವರ ಸಂಘದ ಹೆಸರು ನೋಡಿರಿ: ಪಾಟಾಕಡೀಲ ತಾಲೀಮ ಮಂಡಳ, ದಿಲ್‌ಬಹಾರ ತಾಲೀಮ ಮಂಡಳ. ಆಟ ಬದಲಾದರೂ ತಾಲೀಮು ಅನ್ನುವ ಹೆಸರು ಬಿಟ್ಟಿಲ್ಲ.

ಇಷ್ಟು ಬರೆದದ್ದು ಕೊಲ್ಲಾಪುರವನ್ನು ಹೊಗಳುವುದಕ್ಕಲ್ಲ. ಕೆಲವು ವರ್ಷದ ಹಿಂದೆ ನಮ್ಮ ಊರಿನ ಒಬ್ಬ ಹುಡುಗ ಅಲ್ಲಿಯ ಒಂದು ತಾಲೀಮಿಗೆ ಸೇರಿದ್ದ. ಹಿಡಿತ ಚಲೋ ಇತ್ತು. ಎರಡು ವರ್ಷ ಅವರಪ್ಪ ಎಮ್ಮಿ ಮಾರಿ, ಆಮೇಲೆ ಎತ್ತು ಮಾರಿ ರೊಕ್ಕ ಕಳಿಸಿದ. ಮೂರನೆಯ ವರ್ಷ ಮಳಿ ಕೈಕೊಟ್ಟಿತು. ಹುಡುಗ ಗಂಟು ಕಟ್ಟಿಕೊಂಡು ತಿರುಗಿ ಬಂದ. ಈಗ ಟ್ರ್ಯಾಕ್ಟರ್ ಹೊಡೀತಾನ. "ಕಾಕಾ, ಕಣದಾಗ ನನ್ನ ಯಾರೂ ಸೋಲಿಸಲಿಲ್ಲರೀ, ಮೆಸ್ಸಿನ ಬಿಲ್ಲು ಸೋಲಿಸ್ತು" ಅಂತ ನನ್ನ ಮುಂದೆ ಅಂದ. ಆ ವರ್ಷವೂ ನಮ್ಮ ಜಾತ್ರಿಯೊಳಗ ಬ್ಯಾನರಿಗೆ, ಡಿಜೆಗೆ, ಪಟಾಕಿಗೆ ರೊಕ್ಕ ಕಡಿಮಿ ಬಿದ್ದಿರಲಿಲ್ಲ.

ನಮ್ಮ ಗರಡಿಮನಿಯಲ್ಲಿ ಈಗ ಗೊಬ್ಬರದ ಚೀಲ ಅದಾವ. ಅವನ್ನು ತೆಗೆಯೋದು ಒಂದು ದಿನದ ಕೆಲಸ. ಮಣ್ಣು ಹದ ಮಾಡೋದು ಎಂಟು ದಿನದ ಕೆಲಸ. ಹುಡುಗರ ಹಾಲು ಮಾತ್ರ ವರ್ಷವಿಡೀ ಬೇಕು. ನಮಗೆ ಶಾಹು ಮಹಾರಾಜರಿಲ್ಲ, ಮನಿ ಒತ್ತಿ ಇಡ್ರಿ ಅಂತ ನಾನು ಯಾವ ಗುರುಗಳಿಗೂ ಹೇಳೂದಿಲ್ಲ. ಎಮ್ಮಿ ಇದ್ದವರು ವಾರಕ್ಕೊಂದು ಸೇರು ಹಾಲು ಕೊಟ್ಟರೆ, ಜಾತ್ರಿಯ ಪಟ್ಟಿಯಲ್ಲಿ ರೂಪಾಯಿಗೆ ನಾಲ್ಕಾಣೆ ಗರಡಿಮನಿಗೆ ಇಟ್ಟರೆ, ನಾಲ್ಕು ಹುಡುಗರು ಸಾಗತಾರ. ಮುಂದಿನ ಜಾತ್ರಿಯ ಲೆಕ್ಕ ಬರೆಯುವಾಗ ಪಂಚರು ಈ ಮಾತು ಎತ್ತಬೇಕೆಂದು ಕೈಮುಗಿದು ಕೇಳುತ್ತೇನೆ. ಮೊದಲನೆಯ ಸೇರು ಹಾಲು ನಮ್ಮ ಮನಿದು.