ಉಳಿಸಿದ ಗಂಟೆಯ ಬೆಲೆ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗ, ಇಂಧನ ಮತ್ತು ಸಮಯ

ಪೀಠಿಕೆ

ವೇಗ ಹೆಚ್ಚಿಸಿದರೆ ಊರು ಬೇಗ ಸೇರಬಹುದು, ಮೈಲೇಜು ಮಾತ್ರ ಇಳಿಯುತ್ತದೆ ಎಂಬುದು ಕಾರು ಓಡಿಸುವವರೆಲ್ಲ ಬಲ್ಲ ಸಂಗತಿ. ಆದರೆ ಈ ಲಾಭ-ನಷ್ಟಗಳನ್ನು ಬೇರೆಬೇರೆಯಾಗಿ ಅಳೆಯುವುದೇ ರೂಢಿ. ಗಳಿಸಿದ ಸಮಯಕ್ಕೆ ಎಷ್ಟು ಲೀಟರು ತೆತ್ತೆವು ಎಂಬ ಲೆಕ್ಕವನ್ನು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಸುಮಾರು 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯ ನಿದರ್ಶನದಿಂದ ಇಲ್ಲಿ ಪರಿಶೀಲಿಸಲಾಗಿದೆ.

ಲೆಕ್ಕದ ಆಧಾರ

ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಕಾರಿಗೆ ಎರಡು ಪ್ರತಿರೋಧಗಳು ಎದುರಾಗುತ್ತವೆ. ಟೈರುಗಳ ಉರುಳು ಪ್ರತಿರೋಧ ವೇಗ ಬದಲಾದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಾಳಿಯ ಪ್ರತಿರೋಧವಾದರೋ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎ.ಸಿ., ದೀಪ ಮೊದಲಾದವು ಗಂಟೆಯ ಲೆಕ್ಕದಲ್ಲಿ ಇಂಧನ ಬೇಡುವುದರಿಂದ, ತೀರ ನಿಧಾನವಾಗಿ ಹೋದರೆ ಪ್ರತಿ ಕಿ.ಮೀ.ಗೆ ಅವುಗಳ ಪಾಲು ಹಿಗ್ಗುತ್ತದೆ. ಆದ್ದರಿಂದ ನಿಧಾನವಾದಷ್ಟೂ ಉಳಿತಾಯ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ.

ಪ್ರಯಾಣಿಕರೂ ಸೇರಿ 1200 ಕೆ.ಜಿ. ತೂಗುವ ಪೆಟ್ರೋಲ್ ಕಾರನ್ನು ಇಲ್ಲಿ ಊಹಿಸಿಕೊಂಡಿದೆ. ಉರುಳು ಪ್ರತಿರೋಧದ ಗುಣಾಂಕ 0.012, ಗಾಳಿಗೆ ಒಡ್ಡುವ ಪರಿಣಾಮಕ ವಿಸ್ತೀರ್ಣ 0.65 ಚ.ಮೀ., ಪೂರಕ ಉಪಕರಣಗಳ ಬೇಡಿಕೆ 1 ಕಿಲೋವ್ಯಾಟ್, ಎಂಜಿನ್ ದಕ್ಷತೆ ಶೇ. 28, ಲೀಟರು ಪೆಟ್ರೋಲಿನ ಶಕ್ತಿ 32 ಮೆಗಾಜೂಲ್. ಈ ದಾರಿ ಪ್ರಸ್ಥಭೂಮಿಯ ಮೇಲಿರುವುದರಿಂದ ವಾಯುಸಾಂದ್ರತೆಯನ್ನು ಘನಮೀಟರಿಗೆ 1.07 ಕೆ.ಜಿ. ಎಂದು ಹಿಡಿದಿದೆ. ಇಷ್ಟೇ ಉಷ್ಣಾಂಶದ ಕರಾವಳಿಯ ಗಾಳಿಗಿಂತ ಇದು ಶೇ. 9ರಷ್ಟು ತೆಳುವು; ಮಂಗಳೂರಿನ ಕಡೆ ಅದೇ ವೇಗಕ್ಕೆ ಅದೇ ಕಾರು ತುಸು ಹೆಚ್ಚು ಕುಡಿಯುತ್ತದೆ.

ಫಲಿತಾಂಶ

| ಗಂಟೆಗೆ ಕಿ.ಮೀ. | ನಿಮಿಷ | ಲೀಟರು |
|---|---|---|
| 60 | 118 | 3.9 |
| 80 | 88.5 | 4.7 |
| 100 | 70.8 | 5.9 |
| 120 | 59 | 7.3 |

ಪ್ರತಿ ಸಲವೂ ವೇಗ ಏರಿದ್ದು 20 ಕಿ.ಮೀ.ಯಷ್ಟೇ. ಆದರೆ ಉಳಿತಾಯವಾದ ಸಮಯ ಕ್ರಮವಾಗಿ ಸುಮಾರು 30, 18, 12 ನಿಮಿಷಕ್ಕೆ ಇಳಿಯುತ್ತದೆ. ಇದನ್ನೇ ಉಳಿಸಿದ ಒಂದು ಗಂಟೆಯ ಬೆಲೆಯಾಗಿ ನೋಡಿದರೆ, 60ರಿಂದ 80ಕ್ಕೆ ಏರಿದಾಗ 1.6 ಲೀಟರು, 80ರಿಂದ 100ಕ್ಕೆ 3.9, 100ರಿಂದ 120ಕ್ಕೆ 7.5 ಲೀಟರು. ಮೆಟ್ಟಿಲು ಮೆಟ್ಟಿಲಿಗೂ ಬೆಲೆ ಸರಿಸುಮಾರು ಇಮ್ಮಡಿಸುತ್ತದೆ. ಹೊರೆ ಹೆಚ್ಚಿದಾಗ ಎಂಜಿನ್ ದಕ್ಷತೆಯೂ ಒಂದು ಮಟ್ಟದವರೆಗೆ ಸುಧಾರಿಸುವುದರಿಂದ ವಾಸ್ತವದಲ್ಲಿ ಅಂತರ ಕೊಂಚ ಕುಗ್ಗಬಹುದು, ಏರಿಕೆಯಂತೂ ತಪ್ಪದು.

ಚರ್ಚೆ

ಇಂಧನದ ಬದಿಯನ್ನಷ್ಟೇ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವ ಸಾಕ್ಷಿ. 1973ರ ತೈಲ ನಿರ್ಬಂಧದ ಬಳಿಕ, 1974ರ ಜನವರಿ 2ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾಯ್ದೆಯಿಂದ ಗಂಟೆಗೆ 55 ಮೈಲಿಯ, ಅಂದರೆ ಸುಮಾರು 89 ಕಿ.ಮೀ.ಯ, ಮಿತಿ ದೇಶಕ್ಕೆಲ್ಲ ಬಂತು. ಊರೂರಿನ ನಡುವೆ ಬಹು ದೂರವಿರುವ ಮೊಂಟಾನಾ ರಾಜ್ಯಕ್ಕೆ ಅದು ಒಗ್ಗಲಿಲ್ಲ. ಹಗಲಲ್ಲಿ ಮಿತಿ ಮೀರಿದವರಿಗೆ ಅಲ್ಲಿ ಬೀಳುತ್ತಿದ್ದದ್ದು ಕೇವಲ 5 ಡಾಲರ್ ದಂಡ, ಅದೂ ಸಂಪನ್ಮೂಲ ಪೋಲು ಮಾಡಿದ್ದಕ್ಕೆ! ರಾಷ್ಟ್ರೀಯ ಮಿತಿ 1995ರಲ್ಲಿ ರದ್ದಾಯಿತು. ಪ್ರಯಾಣಿಕರ ಸಮಯಕ್ಕೆ ಬೆಲೆ ಕಟ್ಟದ ನಿಯಮವನ್ನು ಜನ ಕಾಗದದ ಮೇಲಷ್ಟೇ ಒಪ್ಪುತ್ತಾರೆ.

ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗಿರುವ 100 ಕಿ.ಮೀ. ಮಿತಿಯನ್ನು ಈ ಬೆಳಕಿನಲ್ಲಿ ಸಮರ್ಥಿಸಬಹುದು. ಅದನ್ನು ಮೀರಿ ಗಳಿಸುವ 12 ನಿಮಿಷ, ಬೆಂಗಳೂರು ತುದಿಯ ಕೆಂಗೇರಿಯ ದಟ್ಟಣೆಯಲ್ಲಿ ಒಮ್ಮೆ ಸಿಕ್ಕಿಕೊಂಡರೆ ಕರಗಿಹೋಗುತ್ತದೆ. ಸುಟ್ಟ ಒಂದೂವರೆ ಲೀಟರು ಮಾತ್ರ ಮರಳದು. ಹೆದ್ದಾರಿಯ ಎರಡು ತುದಿಗಳ ದಟ್ಟಣೆಯನ್ನು ಸಡಿಲಿಸಿದರೆ ಅಷ್ಟೇ ನಿಮಿಷಗಳು ಹೆಚ್ಚುವರಿ ಪೆಟ್ರೋಲಿಲ್ಲದೆ ದಕ್ಕುತ್ತವೆ, ನಿಂತಲ್ಲೇ ಉರಿಯುವ ಇಂಧನವೂ ಉಳಿಯುತ್ತದೆ. ವೇಗಮಿತಿ ಏರಿಸುವ ಚರ್ಚೆಗಿಂತ ಮೊದಲು ಆಗಬೇಕಾದ ಕೆಲಸ ಅದು.