ಉಸಿರಿನ ಅಳತೆ

ಕೋಟುಮಚಗಿಯಂಥ ಎರೆಸೀಮೆಯ ಊರುಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುವ ವಾಡಿಕೆ ಬಹುಕಾಲ ನಡೆದುಬಂದಿತ್ತು. ತಿಂಗಳುಗಳ ಮೇಲೆ ಅದರ ಬಾಯಿ ತೆಗೆದಾಗ ಬಲ್ಲವರು ಒಡನೆಯೇ ಒಳಗೆ ಇಳಿಯುತ್ತಿರಲಿಲ್ಲ. ಕೆಲಹೊತ್ತು ಗಾಳಿಯಾಡಲು ಬಿಟ್ಟು, ಕಂದೀಲೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಮನುಷ್ಯನ ಉಸಿರೂ ಆರೀತೆಂಬುದು ಅವರ ಲೆಕ್ಕ. ಮುಚ್ಚಿದ ಕುಣಿಯಲ್ಲಿ ಕಾಳು, ಹುಳು, ಬೂಷ್ಟು ಇವೆಲ್ಲ ಉಸಿರಾಡಿ ಆಮ್ಲಜನಕವನ್ನು ತೀರಿಸಿ, ಇಂಗಾಲಾಮ್ಲವನ್ನು ತುಂಬಿಟ್ಟಿರುತ್ತವೆ. ಕಣ್ಣಿಗೆ ಮಾತ್ರ ಯಾವ ಭೇದವೂ ಕಾಣದು.

ಕಂದೀಲು ಉತ್ತರ ಹೇಳುವುದು ಒಂದೇ ಪ್ರಶ್ನೆಗೆ: ಆಮ್ಲಜನಕ ಕಡಮೆಯಾಗಿದೆಯೆ? ಸಮುದ್ರದಾಳಕ್ಕೆ ಇಳಿಯುವವನಿಗೆ ಮತ್ತೊಂದು ಪ್ರಶ್ನೆಯೂ ಉಂಟು: ಅದು ಹೆಚ್ಚಾಗಿದೆಯೆ? ಪ್ರಾಣವಾಯುವೇ ಪ್ರಾಣ ತೆಗೆಯಬಲ್ಲದೆಂದು ಮನುಷ್ಯ ಕಲಿತ ಬಗೆ ತಿಳಿಯತಕ್ಕದ್ದಾಗಿದೆ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ ೨೧. ಉಳಿದುದು ಬಹುಪಾಲು ಸಾರಜನಕ. ಸಮುದ್ರಮಟ್ಟದ ಗಾಳಿಯ ಒತ್ತಡವನ್ನು ಒಂದು ವಾಯುಭಾರವೆಂದರೆ, ನೀರಿನಲ್ಲಿ ಪ್ರತಿ ೧೦ ಮೀಟರಿಗೆ ಮತ್ತೊಂದೊಂದು ವಾಯುಭಾರ ಕೂಡುತ್ತದೆ. ೩೦ ಮೀಟರಿನಲ್ಲಿ ಒಟ್ಟು ನಾಲ್ಕು. ಆ ಒತ್ತಡಕ್ಕೆ ಸಾರಜನಕವು ನೆತ್ತರಿನಲ್ಲಿ ಕರಗುತ್ತದೆ. ಮುಳುಗಿದವನು ಅವಸರದಿಂದ ಮೇಲೆದ್ದರೆ ಗುಳ್ಳೆಗಳಾಗಿ ಹೊರಡುತ್ತದೆ. ಕೀಲುನೋವು, ಪಾರ್ಶ್ವವಾಯು, ಕೆಲವೊಮ್ಮೆ ಮರಣವೇ ಇದರ ಫಲ.

ಇದನ್ನು ತೋರಿಸಿಕೊಟ್ಟವನು ಫ್ರಾನ್ಸಿನ ಪಾಲ್ ಬೇರ್, ೧೮೭೮ರಲ್ಲಿ. ಹೆಚ್ಚಿನ ಒತ್ತಡದ ಆಮ್ಲಜನಕವು ಸೆಳವು ಬರಿಸಿ ಕೊಲ್ಲುವುದೆಂಬುದನ್ನೂ ಅವನೇ ಕಂಡುಹಿಡಿದ. ಅದೇ ಕಾಲದಲ್ಲಿ ಇಂಗ್ಲೆಂಡಿನ ಹೆನ್ರಿ ಫ್ಲೂಸ್ ಎಂಬಾತ ಆಮ್ಲಜನಕ ಹೆಚ್ಚಿಸಿದ ಗಾಳಿಯ ಚೀಲವೊಂದನ್ನು ತನ್ನ ಕೈಯಾರೆ ಕಟ್ಟಿದ್ದ. ೧೮೮೦ರಲ್ಲಿ ನೀರು ನುಗ್ಗಿದ ಸೆವರ್ನ್ ಸುರಂಗದೊಳಗೆ ಹೋಗಿ ಬಾಗಿಲು ಮುಚ್ಚಿ ಬಂದ ಮುಳುಗುಗಾರ ಲ್ಯಾಂಬರ್ಟ್ ತೊಟ್ಟದ್ದು ಇದನ್ನೇ. ೧೯೦೮ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಪ್ರಕಟಿಸಿದರು. ಅವರ ಮಗ ಜೆ. ಬಿ. ಎಸ್. ಹಾಲ್ಡೇನರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಒತ್ತಡದ ಕೋಣೆಯೊಳಗೆ ತಾವೇ ಕುಳಿತು ಆಮ್ಲಜನಕದ ವಿಷವನ್ನು ಅನುಭವಿಸಿ ನೋಡಿದರು. ಸೆಳವಿನಲ್ಲಿ ಅವರ ಬೆನ್ನೆಲುಬಿಗೆ ಪೆಟ್ಟಾಯಿತು. ೧೯೫೭ರಲ್ಲಿ ಭಾರತಕ್ಕೆ ಬಂದು ನೆಲೆಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನರು ಇವರೇ.

ಹೀಗೆ ಎರಡೂ ಕಡೆಯ ಅಪಾಯ ತಿಳಿದಮೇಲೆ ನಡುವಣ ದಾರಿ ಹೊಳೆಯಿತು. ಆಮ್ಲಜನಕವನ್ನು ತುಸು ಹೆಚ್ಚಿಸಿದರೆ ಸಾರಜನಕ ಅಷ್ಟು ಕಡಮೆಯಾಗುತ್ತದೆ. ಇದೇ ನೈಟ್ರಾಕ್ಸ್. ಅಮೆರಿಕದ ಸಾಗರ ಮತ್ತು ವಾಯುಮಂಡಲ ಇಲಾಖೆಯ ಮಾರ್ಗನ್ ವೆಲ್ಸ್ ೧೯೭೦ರ ದಶಕದಲ್ಲಿ ಶೇಕಡಾ ೩೨ರ ಮಿಶ್ರಣವನ್ನು ಬಳಕೆಗೆ ತಂದರು. ಅದನ್ನು ಉಸಿರಾಡುತ್ತ ೩೦ ಮೀಟರಿನಲ್ಲಿದ್ದವನು ಸಾರಜನಕದ ಮಟ್ಟಿಗೆ ೨೪ ಮೀಟರಿನಲ್ಲಿ ಇದ್ದಂತೆ. ೧೯೮೫ರಲ್ಲಿ ಡಿಕ್ ರುಟ್ಕೋವ್‌ಸ್ಕಿ ಇದನ್ನು ಹವ್ಯಾಸಿಗಳಿಗೂ ಕಲಿಸಲು ಸಂಘವೊಂದನ್ನು ಕಟ್ಟಿದರು.

ಅಂಗಡಿಗಳು ಇದನ್ನು ತುಂಬಿಕೊಡಲು ಹಿಂಜರಿದಾಗ ಕೆಲವರು ಮನೆಯಲ್ಲೇ ಬೆರಸತೊಡಗಿದರು. ಒಂದು ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಗಾಳಿಯನ್ನು ಸುತ್ತಿಸಿ ಕಲಸುವ ತಡೆಗಳು. ಒಂದು ಕಡೆ ಶೋಧಿಸಿದ ಗಾಳಿ, ಪಕ್ಕದಿಂದ ಸಣ್ಣ ಧಾರೆಯಾಗಿ ಆಮ್ಲಜನಕ. ಕೊನೆಯಲ್ಲಿ ಅಳೆಯುವ ಯಂತ್ರ, ಬಳಿಕ ಸಂಪೀಡಕ. ಇನ್ನೊಂದು ಬಗೆಯಲ್ಲಿ, ಬರಿದಾದ ಸಿಲಿಂಡರಿಗೆ ಮೊದಲು ೨೮ ವಾಯುಭಾರದಷ್ಟು ಆಮ್ಲಜನಕ ತುಂಬಿ, ಆಮೇಲೆ ೨೦೦ರವರೆಗೆ ಗಾಳಿ ತುಂಬುವುದು. ಗಾಳಿಯ ಪಾಲು ೧೭೨. ಅದರಲ್ಲಿ ಆಮ್ಲಜನಕ ೩೬. ಮೊದಲಿನ ೨೮ ಸೇರಿ ೬೪. ಇನ್ನೂರಕ್ಕೆ ಅರವತ್ತನಾಲ್ಕೆಂದರೆ ಶೇಕಡಾ ೩೨.

ಲೆಕ್ಕ ಶಾಲೆಯ ಹುಡುಗನೂ ಮಾಡುವಂಥದು. ತಪ್ಪಿದರೆ ಬೆಲೆ ಮಾತ್ರ ದೊಡ್ಡದು. ೨೮ರ ಬದಲು ೩೮ ತುಂಬಿತೆನ್ನಿ, ಮಿಶ್ರಣ ಶೇಕಡಾ ೩೬ ಆಗುತ್ತದೆ. ಆಮ್ಲಜನಕದ ಪಾಲಿನ ಒತ್ತಡ ೧.೪ ವಾಯುಭಾರವನ್ನು ಮೀರಬಾರದೆಂಬುದು ರೂಢಿಯ ಮೇರೆ. ಶೇಕಡಾ ೩೨ಕ್ಕೆ ಈ ಮೇರೆ ೩೩ ಮೀಟರಿನಲ್ಲಿ. ಶೇಕಡಾ ೩೬ಕ್ಕೆ ೨೮ ಮೀಟರಿನಲ್ಲಿಯೇ. ಅದರಾಚೆ ಯಾವ ಮುನ್ಸೂಚನೆಯೂ ಇಲ್ಲದೆ ಸೆಳವು ಬರಬಹುದು. ಬಾಯಿಯ ಕೊಳವೆ ಜಾರಿದರೆ ನೀರಿನಲ್ಲಿ ಉಳಿವಿಲ್ಲ. ಬೆಂಕಿಯ ಭಯ ಬೇರೆ. ಒತ್ತಡದ ಆಮ್ಲಜನಕಕ್ಕೆ ಎಣ್ಣೆಯ ಜಿಡ್ಡು ತಗುಲಿದರೆ, ತಿರುಪನ್ನು ರಭಸವಾಗಿ ತೆರೆದ ಕಾವೇ ಹೊತ್ತಿಸಲು ಸಾಕು. ಅದಕ್ಕಾಗಿ ಸಿಲಿಂಡರು, ತಿರುಪುಗಳನ್ನು ಜಿಡ್ಡಿಲ್ಲದಂತೆ ತೊಳೆದಿರಬೇಕು. ಸಂಪೀಡಕದ ಮೂಲಕ ಹಾಯುವ ಮಿಶ್ರಣವನ್ನು ಶೇಕಡಾ ೪೦ರೊಳಗೇ ಇಡುವುದು ವಾಡಿಕೆ. ತರಬೇತಿಯಿಲ್ಲದ ಕೈಗೆ ಇದು ತಕ್ಕ ಕೆಲಸವಲ್ಲ.

ನಮ್ಮ ಕಡಲಿನಲ್ಲಿಯೂ ಮುಳುಗುವ ಹವ್ಯಾಸ ಬೆಳೆದಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ದೂರದೂರದ ಊರುಗಳಿಂದ ಜನ ಬರುತ್ತಾರೆ. ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಒಂದು ನಿಯಮವನ್ನು ಕಲಿತಿರುವುದು ಒಳ್ಳೆಯದು. ಮಿಶ್ರಣವನ್ನು ಯಾರೇ ತುಂಬಿರಲಿ, ಎಷ್ಟೇ ನಂಬಿಕಸ್ಥನಿರಲಿ, ಅದನ್ನು ಉಸಿರಾಡುವವನು ತಾನೇ ಯಂತ್ರವಿಟ್ಟು ಅಳೆಯಬೇಕು. ಶೇಕಡಾ ಎಷ್ಟು, ಎಷ್ಟು ಆಳದವರೆಗೆ ಎಂಬೆರಡು ಅಂಕಿಗಳನ್ನು ಸಿಲಿಂಡರಿನ ಮೇಲೆ ಬರೆದು ಹೆಸರು ಹಾಕಬೇಕು. ಪಾಲ್ ಬೇರನಿಂದ ಹಾಲ್ಡೇನರವರೆಗೆ ಆಡುಗಳೂ ಮನುಷ್ಯರೂ ಮೈಯೊಡ್ಡಿ ಗಳಿಸಿಕೊಟ್ಟ ಅರಿವೆಲ್ಲ ಆ ಎರಡು ಅಂಕಿಗಳಲ್ಲಿ ಅಡಗಿದೆ.